ಕರಿಬೇವಿಗೆ ಬಿದ್ದ ಯುರೋಪಿನ ಮೊಹರು

ಸತ್ಯಕ್ಕೆ ಈಗ ಕಾಲವಿಲ್ಲ ಎಂದು ಕೊರಗುವವರು ಆಕ್ಲೆಂಡಿನ ಹೆಂಡರ್ಸನ್‌ಗೆ ಬಂದು, ಬದರಿನಾಥರ ಮನೆಯ ಹಾಲಿನಲ್ಲಿ ಸ್ವಲ್ಪ ಹೊತ್ತು ಕುಳಿತು ಹೋಗಬೇಕು. ಅಲ್ಲಿ ಸತ್ಯಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ತಿಮ್ಮಪ್ಪನ ಪಟದ ಪಕ್ಕದಲ್ಲಿ ಮೊಳೆ ಹೊಡೆದು ನೇತುಹಾಕಲಾಗಿದೆ. ಅವರ ಹೆಂಡತಿ ಗೀತಾ ಬೆಳಿಗ್ಗೆ ಊದಿನಕಡ್ಡಿ ಬೆಳಗುವುದು ತಿಮ್ಮಪ್ಪನಿಗೆ ಮಾತ್ರ. ಪಕ್ಕದ ಚೌಕಟ್ಟಿಗೂ ಒಂದಿಷ್ಟು ಹೊಗೆ ಹೋಗುತ್ತದೆ, ಅದಕ್ಕೆ ಅವರು ಹೊಣೆಯಲ್ಲ.

ಚೌಕಟ್ಟಿನೊಳಗೆ ಇರುವುದು ಒಂದು ಪ್ರಮಾಣಪತ್ರ. ಯುರೋಪಿನ ಹಲವು ದೇಶಗಳ ಸತ್ಯಪರೀಕ್ಷಕ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಒಕ್ಕೂಟವೊಂದು ಆನ್‌ಲೈನಿನಲ್ಲಿ ನಡೆಸಿದ ತರಬೇತಿಯಲ್ಲಿ ಬದರಿನಾಥ್ ಎಂಬವರು ಭಾಗವಹಿಸಿದ್ದಾರೆ ಎಂದು ಅದು ಹೇಳುತ್ತದೆ. ಅಷ್ಟನ್ನೇ ಹೇಳುತ್ತದೆ. ಆ ಒಕ್ಕೂಟದವರ ಪಾಡು ನಿಜಕ್ಕೂ ಯಾರಿಗೂ ಬೇಡ. ಒಂದು ದೇಶದ ಚುನಾವಣೆಗೆ ಇನ್ನೊಂದು ದೇಶದಲ್ಲಿ ಸುಳ್ಳು ತಯಾರಾಗುತ್ತದೆ. ಎಂದೋ ಬಂದ ಪ್ರವಾಹದ ಫೋಟೋ ನಿನ್ನೆಯ ಪ್ರವಾಹದ ಹೆಸರಿನಲ್ಲಿ ಓಡಾಡುತ್ತದೆ. ಜರ್ಮನ್ ಭಾಷೆಯಲ್ಲಿ ಕಷ್ಟಪಟ್ಟು ಕೊಂದ ಸುಳ್ಳು ಮರುದಿನ ಪೋಲಿಷ್ ಭಾಷೆಯಲ್ಲಿ ಎದ್ದು ಕೂರುತ್ತದೆ. ಇವರು ಅದರ ಬೆನ್ನು ಹತ್ತಿ ಹಗಲೂ ಇರುಳೂ ಓಡುತ್ತಿರುತ್ತಾರೆ. ಇಂಥ ಪುಣ್ಯಕಾರ್ಯದಲ್ಲಿ ತನ್ನದೂ ಒಂದು ಕೈ ಇರಲಿ ಎಂದು ಬದರಿನಾಥರಿಗೆ ಅನಿಸಿದ್ದು ಸಹಜ. ಅವರು ಸಾಫ್ಟ್‌ವೇರ್ ಟೆಸ್ಟರ್. ಇನ್ನೊಬ್ಬರು ಬರೆದಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಆಫೀಸಿನಲ್ಲಿ ಸಂಬಳ ಪಡೆದು, ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮುಂದುವರಿಸುವವರು.

ಆದರೆ ಯುರೋಪಿನ ಮಧ್ಯಾಹ್ನವೆಂದರೆ ನಮಗಿಲ್ಲಿ ದೆವ್ವಗಳೂ ಮಲಗಿರುವ ಹೊತ್ತು. ತರಬೇತಿಯ ಮೊದಲರ್ಧ, ಸುಳ್ಳನ್ನು ಹಿಡಿಯುವುದು ಹೇಗೆ ಎಂಬುದು. ಅದನ್ನು ಬದರಿನಾಥರು ಕಾಫಿ ಕುಡಿಯುತ್ತ ಕಣ್ಣರಳಿಸಿ ಕೇಳಿದರು. ಎರಡನೆಯ ಅರ್ಧ, ಹಿಡಿದ ಮೇಲೆ ಸತ್ಯವನ್ನು ಜನರಿಗೆ ಹೇಳುವುದು ಹೇಗೆ ಎಂಬುದು. ಆಗ ಅವರು ಕೀಬೋರ್ಡಿನ ಮೇಲೆ ಕೆನ್ನೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಲಾಗಿನ್ ಆಗಿದ್ದವರಿಗೆಲ್ಲ ಕಂಪ್ಯೂಟರು ತಾನಾಗಿಯೇ ಪ್ರಮಾಣಪತ್ರ ಕಳಿಸಿತು. ಅರ್ಧ ಕಲಿತವನಿಗೆ ಅರ್ಧ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಯುರೋಪಿನಲ್ಲೂ ಇನ್ನೂ ಬಂದಿಲ್ಲ.

ಚೌಕಟ್ಟು ಸಾಲದೆಂದು ಅವರು ಒಂದು ಮೊಹರನ್ನೂ ಮಾಡಿಕೊಂಡರು. ನೀಲಿ ಬಣ್ಣದ ದುಂಡನೆಯ ಮೊಹರು, ಸುತ್ತ ಹಳದಿ ನಕ್ಷತ್ರಗಳು, ನಡುವೆ 'ಯುರೋಪಿನಲ್ಲಿ ತರಬೇತಿ ಪಡೆದ ಸತ್ಯಪರೀಕ್ಷಕ ಬದರಿನಾಥ್, ಹೆಂಡರ್ಸನ್' ಎಂಬ ಅಕ್ಷರಗಳು. ಯುರೋಪಿಗೆ ಹೋಗದೆ ಯುರೋಪಿನಲ್ಲಿ ಹೇಗೆ ತರಬೇತಿ ಪಡೆದಿರಿ ಎಂದು ಗೀತಾ ಕೇಳಿದರು. ಸತ್ಯಪರೀಕ್ಷಕರನ್ನೇ ಪರೀಕ್ಷೆ ಮಾಡುವ ಗೀಳು ಒಳ್ಳೆಯದಲ್ಲ ಎಂದು ಉತ್ತರ ಬಂತು.

ಈಗ ಅವರ ಕಾರ್ಯಕ್ಷೇತ್ರದ ವಿಚಾರ. ಪಶ್ಚಿಮ ಆಕ್ಲೆಂಡಿನ ಕನ್ನಡಿಗರಿಗೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪಿದೆ. ಎಂಜಿನಿಯರುಗಳು, ನರ್ಸುಗಳು, ಡಾಕ್ಟರುಗಳು ತುಂಬಿರುವ ಈ ಗುಂಪಿನಲ್ಲಿ ಓದದೆ ಫಾರ್ವರ್ಡ್ ಮಾಡುವುದರಲ್ಲಿ ಮಾತ್ರ ಎಲ್ಲರೂ ಸಮಾನರು. ಯಾವ ಚಿತ್ರವನ್ನೂ ಒತ್ತಿ ತೆರೆದು ನೋಡುವ ಕೆಟ್ಟ ಚಟ ನಮ್ಮಲ್ಲಿ ಯಾರಿಗೂ ಇಲ್ಲ. ಮೇಲಕ್ಕೆ ಎಷ್ಟು ಕಾಣುತ್ತದೋ ಅಷ್ಟು ನೋಡಿ, ಕೈ ಮುಗಿದ ಚಿಹ್ನೆ ಹಾಕಿ, ಊರಿನಲ್ಲಿರುವ ಅಕ್ಕನಿಗೆ ಕಳಿಸಿ ಅಡುಗೆಮನೆಗೆ ಹೋಗುವುದು ವಾಡಿಕೆ.

ಬದರಿನಾಥರ ವಾಡಿಕೆ ಬೇರೆ. ಟೆಸ್ಟರುಗಳು ದೋಷವನ್ನು ವರದಿ ಮಾಡುವುದಕ್ಕೆ ಒಂದು ಕ್ರಮ ಇಟ್ಟುಕೊಂಡಿರುತ್ತಾರೆ. ಎಲ್ಲಕ್ಕಿಂತ ಮೇಲೆ ಟೆಸ್ಟರನ ಹೆಸರು, ಅದರ ಕೆಳಗೆ ದೋಷ ಏನೆಂದು ದಪ್ಪ ಅಕ್ಷರದಲ್ಲಿ, ಆಮೇಲೆ ಅದನ್ನು ಪರೀಕ್ಷಿಸಿದ ಬಗೆ, ಕಟ್ಟಕಡೆಗೆ ತೀರ್ಮಾನ. ಇಷ್ಟು ವರ್ಷ ಅನ್ನ ಕೊಟ್ಟ ಈ ಕ್ರಮವನ್ನು ಅವರು ಸತ್ಯಕ್ಕೂ ಅನ್ವಯಿಸಿದರು. ಅವರ ಮೊದಲ ಬೇಟೆ, ಕರಿಬೇವಿನ ಪುಡಿ ತಿಂದರೆ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ, ಮಾತ್ರೆ ಬಿಸಾಕಬಹುದು ಎಂಬ ಸಂದೇಶ. ಉದ್ದನೆಯ ಒಂದು ಚಿತ್ರ ತಯಾರಾಯಿತು. ಮೇಲೆ ನೀಲಿ ಮೊಹರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಕರಿಬೇವಿನ ಪುಡಿಯಿಂದ ಸಕ್ಕರೆ ಕಾಯಿಲೆ ಗುಣ, ಮಾತ್ರೆ ಬೇಡ. ಅದರ ಕೆಳಗೆ ಯಾವ ಯಾವ ಅಧ್ಯಯನ ಓದಿದೆ, ಯಾವ ಡಾಕ್ಟರನ್ನು ಕೇಳಿದೆ ಎಂಬ ವಿವರ. ಪಾತಾಳದಲ್ಲಿ, ತೀರ್ಪು: ಶುದ್ಧ ಸುಳ್ಳು.

ಉದ್ದನೆಯ ಚಿತ್ರ ಹಾಕಿದರೆ ವಾಟ್ಸಾಪು ಮೇಲಿನ ತುಂಡನ್ನು ಮಾತ್ರ ತೋರಿಸುತ್ತದೆ ಎಂಬುದು ಲೋಕಕ್ಕೆಲ್ಲ ಗೊತ್ತಿತ್ತು, ಅದನ್ನು ಕಳಿಸಿದವರಿಗೆ ಗೊತ್ತಿರಲಿಲ್ಲ. ಗುಂಪಿನಲ್ಲಿ ಮುಗಿದ ಕೈಗಳು ಸಾಲುಗಟ್ಟಿದವು. ಬದರಿನಾಥರ ಕಣ್ಣಲ್ಲಿ ನೀರು ಬಂತು. ನಮ್ಮ ಜನ ಸತ್ಯಕ್ಕೆ ಇಷ್ಟು ಹಸಿದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ ಎಂದು ಹೆಂಡತಿಗೆ ಹೇಳಿದರು.

ಬದರಿನಾಥರ ಪಕ್ಕದ ಮನೆಯಲ್ಲಿ ಮೋಹನ ಇದ್ದಾನೆ. ಸಿವಿಲ್ ಎಂಜಿನಿಯರು, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿಯಿರುವ ಯೂಟ್ ಗಾಡಿ ಓಡಿಸುತ್ತಾನೆ. ಅವನ ತಾಯಿ ಜಯಮ್ಮನವರು ಮೈಸೂರಿನಿಂದ ಮಗನ ಜೊತೆ ಇರಲು ಬಂದವರು. ಸಕ್ಕರೆ ಕಾಯಿಲೆ ಇದೆ, ಮಾತು ಅದಕ್ಕಿಂತ ಸಿಹಿ. ಇಂಗ್ಲಿಷು ಬರದ ಊರಿಗೆ ಬಂದು ಒಂಟಿಯಾದ ಮೊದಲ ವರ್ಷದಲ್ಲಿ ಅವರು ಒಂದು ಕರಿಬೇವಿನ ಸಸಿ ನೆಟ್ಟರು. ಚಳಿಗಾಲದಲ್ಲಿ ಅದಕ್ಕೆ ಶಾಲು ಹೊದೆಸಿ, ಗಾಳಿ ಬಂದರೆ ಎದುರಿಗೆ ನಿಂತು, ಮೊಮ್ಮಕ್ಕಳ ಹತ್ತಿರ ಆಡಲಾಗದ ಮಾತನ್ನೆಲ್ಲ ಅದರ ಹತ್ತಿರ ಆಡಿ ಬೆಳೆಸಿದರು. ಈಗ ಅದು ಬೇಲಿಗಿಂತ ಎತ್ತರ. ಹೆಂಡರ್ಸನ್‌ನ ಯಾವ ಕನ್ನಡದ ಮನೆಯಲ್ಲಿ ಒಗ್ಗರಣೆ ಚಟಪಟ ಅಂದರೂ ಅದರಲ್ಲಿ ಜಯಮ್ಮನ ಎಲೆ ಇರುತ್ತಿತ್ತು. ಎಲೆ ಕೇಳಲು ಬಂದವರು ಒಂದು ಗಂಟೆ ಕೂತು ಮಾತಾಡಿಸಿ ಹೋಗಬೇಕು ಎಂಬುದು ಅಲ್ಲಿನ ಕಾನೂನು. ಆ ಗಿಡವೇ ಅವರ ನೆಂಟರಿಷ್ಟರು ಎಂದರೂ ತಪ್ಪಿಲ್ಲ.

ಹೀಗಿರುವಾಗ ಒಂದು ಶನಿವಾರ ಗುಂಪಿಗೆ ಹೊಸ ಸಂದೇಶ ಬಂತು. ನ್ಯೂಜಿಲೆಂಡ್ ಸರ್ಕಾರದವರು ಮನೆಮನೆಗೆ ಬಂದು ಕರಿಬೇವಿನ ಗಿಡಗಳನ್ನು ಕಿತ್ತುಹಾಕಲಿದ್ದಾರೆ, ಬಚ್ಚಿಟ್ಟವರ ವೀಸಾ ರದ್ದು. ಜೊತೆಗೆ ಬಿಳಿ ನಿಲುವಂಗಿ, ಮುಖವಾಡ ತೊಟ್ಟವರು ಗಿಡಗಳ ನಡುವೆ ನಡೆಯುವ ಒಂದು ಫೋಟೋ. ಹೊರಗಿನ ಬೀಜ, ಎಲೆ ಯಾವುದನ್ನೂ ಸುಲಭವಾಗಿ ಒಳಗೆ ಬಿಡದ ಈ ದೇಶಕ್ಕೆ ಬರುವಾಗ ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿ ಡಬ್ಬಿ ಹಿಡಿದು ನಡುಗಿದ ಜನ ನಾವು. ಗಿಡ, ಬೀಜ, ಅಧಿಕಾರಿ ಎಂಬ ಮೂರು ಮಾತು ಒಟ್ಟಿಗೆ ಕೇಳಿದರೆ ಕೈಕಾಲು ತಣ್ಣಗಾಗುತ್ತದೆ.

ಬದರಿನಾಥರು ತೋಳೇರಿಸಿದರು. ಅವರು ಕೆಲಸ ಮಾಡಿದ ರೀತಿಗೆ ಯುರೋಪಿನವರೂ ತಲೆದೂಗಬೇಕಿತ್ತು. ಫೋಟೋದ ಮೂಲ ಹುಡುಕಿ, ಅದು ಯುರೋಪಿನ ಯಾವುದೋ ದ್ರಾಕ್ಷಿ ತೋಟದಲ್ಲಿ ಎಂದೋ ಔಷಧಿ ಹೊಡೆಯುವಾಗ ತೆಗೆದದ್ದೆಂದು ಪತ್ತೆ ಹಚ್ಚಿದರು. ಸಂಬಂಧಪಟ್ಟ ಇಲಾಖೆಗೆ ಬರೆದು, ಅಂಥ ಯಾವ ಯೋಚನೆಯೂ ನಮಗಿಲ್ಲ ಎಂಬ ಉತ್ತರ ತರಿಸಿಕೊಂಡರು. ನಂತರ ತಮ್ಮ ಕ್ರಮದಂತೆ ಉದ್ದನೆಯ ಚಿತ್ರ ಮಾಡಿದರು. ಮೇಲೆ ಮೊಹರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಕರಿಬೇವಿನ ಗಿಡ ಕೀಳಲು ಅಧಿಕಾರಿಗಳು ಮನೆಮನೆಗೆ. ತೀರ್ಪು ಎಂದಿನ ಹಾಗೆ ಪಾತಾಳದಲ್ಲಿ. ಗುಂಪಿಗೆ ಹಾಕಿ, ಸಮಾಜಸೇವೆ ಮುಗಿಸಿದ ನಿಶ್ಚಿಂತೆಯಿಂದ ಮಧ್ಯಾಹ್ನದ ನಿದ್ದೆಗೆ ಹೋದರು.

ಅಲ್ಲಿಯವರೆಗೆ ಈ ಸುದ್ದಿಯನ್ನು ಅರ್ಧ ಜನ ನಂಬಿದ್ದರು, ಅರ್ಧ ಜನ ನಕ್ಕಿದ್ದರು. ಮೊಹರು ಬಿದ್ದ ಮೇಲೆ ನಗುವವರು ಉಳಿಯಲಿಲ್ಲ. ಶ್ರೀಲಕ್ಷ್ಮಿ ಎಂಬ ಫಾರ್ಮಸಿಸ್ಟು ತನ್ನ ಗಿಡವನ್ನು ಬಟ್ಟೆಯ ಬೀರುವಿನೊಳಗೆ ರೇಷ್ಮೆ ಸೀರೆಗಳ ನಡುವೆ ನಿಲ್ಲಿಸಿದಳು. ಒಬ್ಬರು ಸ್ನಾನದ ಮನೆಯಲ್ಲಿಟ್ಟು, ಮನೆಮಂದಿಗೆಲ್ಲ ಸ್ನಾನ ಬಂದ್ ಮಾಡಿದರು. ಇನ್ನೊಬ್ಬರು ಪಕ್ಕದ ಮನೆಯ ನ್ಯೂಜಿಲೆಂಡ್ ದಂಪತಿಗೆ ಗಿಡವನ್ನು ಕೊಟ್ಟು ಇದು ನಮ್ಮ ಮಗು ಅಂದುಕೊಳ್ಳಿ ಎಂದರು. ಆ ದಂಪತಿ ಮಗುವಿಗೆ ಏನಾದರೂ ಕಷ್ಟವೇ ಎಂದು ಗಾಬರಿಯಾದರು. ಹೆಂಡರ್ಸನ್‌ನಲ್ಲಿ ಹಿಡಿಯುತ್ತಾರೆಂದು ಕೆಲವರು ಗಿಡಗಳನ್ನು ಕಾರಿನಲ್ಲಿ ತುಂಬಿಕೊಂಡು ಊರಿನ ಇನ್ನೊಂದು ತುದಿಯ ಪಾಪಕುರಾದ ನೆಂಟರ ಮನೆಗೆ ಹೊರಟರು. ಪಾಪಕುರಾದಲ್ಲಿ ಹಿಡಿಯುತ್ತಾರೆಂದು ಆ ನೆಂಟರು ತಮ್ಮ ಗಿಡ ತುಂಬಿಕೊಂಡು ಹೆಂಡರ್ಸನ್ ಕಡೆಗೆ ಹೊರಟಿದ್ದರು. ಮೋಟರ್‌ವೇಯಲ್ಲಿ ಎರಡೂ ಕಾರುಗಳು ಎದುರುಬದುರಾಗಿ ಹಾದುಹೋದವು. ಕಿಟಕಿಯಾಚೆ ಎಲೆ ಕಂಡು ಇಬ್ಬರೂ ತಮ್ಮನ್ನು ಯಾರೋ ಹಿಂಬಾಲಿಸುತ್ತಿದ್ದಾರೆಂದು ವೇಗ ಹೆಚ್ಚಿಸಿದರು.

ಬದರಿನಾಥರು ಎದ್ದಾಗ ಫೋನಿನ ತುಂಬ ಮುಗಿದ ಕೈ, ಅಳುವ ಮುಖ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮುಗಿಸಿ ಗೀತಾ ಆಗ ತಾನೇ ಬಂದು ನಿಂತಿದ್ದರು. ಅವರು ತಮ್ಮ ಫೋನನ್ನು ಗಂಡನ ಮೂಗಿನ ಹತ್ತಿರ ಹಿಡಿದರು.

"ರೀ, ನಿಮ್ಮ ಸುಳ್ಳು ಅನ್ನೋ ಪದ ಎಲ್ಲಿದೆ ತೋರಿಸಿ."

"ಕೆಳಗಿದೆ. ತೆರೆದು ನೋಡಿದ್ರೆ ಕಾಣುತ್ತೆ."

"ಯಾರು ತೆರೀತಾರೆ?"

ಬದರಿನಾಥರು ಆ ಕೂಡಲೇ ತಿದ್ದುಪಡಿ ಬರೆಯಲು ಕುಳಿತರು. ಚಿತ್ರ ಬೇಡ, ಮಾತಿನಲ್ಲೇ ಹೇಳೋಣ ಎಂದುಕೊಂಡರು. ಆದರೆ ಕ್ರಮ ಬಿಡುವುದುಂಟೇ? ಮೊದಲು ದೋಷ ಏನೆಂದು ಹೇಳಬೇಕು. ಕರಿಬೇವಿನ ಗಿಡ ಕೀಳಲು ಅಧಿಕಾರಿಗಳು ಬರುತ್ತಾರೆಂಬ ಇಂದಿನ ನನ್ನ ಪ್ರಕಟಣೆಗೆ ಸಂಬಂಧಿಸಿದಂತೆ, ಎಂದು ಶುರು ಮಾಡಿ ಪುಟಗಟ್ಟಲೆ ಬರೆದರು. ವಾಟ್ಸಾಪು ಮೊದಲ ಕೆಲವು ಸಾಲು ತೋರಿಸಿ, ಉಳಿದಿದ್ದನ್ನು 'ಮುಂದೆ ಓದಿ' ಎಂಬುದರ ಹಿಂದೆ ಮಡಚಿಟ್ಟಿತು. ಬದರಿನಾಥರು ಎರಡನೆಯ ಸಲ ಖಚಿತಪಡಿಸಿದ್ದಾರೆ ಎಂದು ಶ್ರೀಲಕ್ಷ್ಮಿ ಅದನ್ನು ತನ್ನ ಇನ್ನೆರಡು ಗುಂಪುಗಳಿಗೆ ಕಳಿಸಿದಳು.

ಆಮೇಲೆ ಅವರು ಮನೆಮನೆಗೆ ಹೋಗಿ ಬಾಯಿಬಿಟ್ಟು ಹೇಳಿದರು. ಜನ ಬಾಗಿಲು ಅರ್ಧ ತೆರೆದು ಕೇಳಿಸಿಕೊಂಡು, ಕನಿಕರದಿಂದ ತಲೆಯಾಡಿಸಿ ಕಳಿಸಿದರು. ಪಾಪ, ಸರ್ಕಾರದವರು ಹೆದರಿಸಿ ಬಾಯಿ ಮುಚ್ಚಿಸಿದ್ದಾರೆ ಎಂದು ಅವರು ಹೋದ ಮೇಲೆ ಮಾತಾಡಿಕೊಂಡರು. ಜಯಮ್ಮನವರು ಮಾತ್ರ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಅವರು ಗಿಡಕ್ಕೆ ಆಗಲೇ ಒಂದು ಹಳೆಯ ಬೆಡ್‌ಶೀಟ್ ಹೊದೆಸಿ, ಬಟ್ಟೆ ಒಣಗಿಸುವ ಕಂಬದ ಹಾಗೆ ಕಾಣಲೆಂದು ಅದರ ಮೇಲೆ ಮೋಹನನ ಬನಿಯನ್ನುಗಳನ್ನು ಹರಡಿದ್ದರು. ಇದೆಲ್ಲ ಸುಳ್ಳು ಆಂಟಿ, ಯಾರೂ ಬರೋದಿಲ್ಲ ಎಂದು ಬದರಿನಾಥರು ದೇವರ ಮೇಲೆ ಆಣೆ ಮಾಡಿ ಹೇಳಿದರು. ಜಯಮ್ಮನವರು ಅಂದು ಅವರ ಮಾತು ನಂಬಿ, ಬನಿಯನ್ನು ತೆಗೆದರು. ಇದನ್ನು ನೀವು ನೆನಪಿಡಬೇಕು.

ಸುಳ್ಳನ್ನು ಬೆನ್ನಟ್ಟಿ ಮೂಲಕ್ಕೆ ಹೋಗು ಎಂಬುದು ಯುರೋಪಿನವರ ಉಪದೇಶ. ವೆಲ್ಲಿಂಗ್ಟನ್ನಿನಲ್ಲಿರುವ ವಿಶ್ವಾಸ್ ಎಂಬ ಕನ್ಸಲ್ಟೆಂಟು ಫೋನು ಮಾಡಿ, ಸುದ್ದಿ ರಾಜಧಾನಿಗೂ ಬಂದಿದೆ, ಒಳಗಿನವರೇ ಹೇಳಿದ್ದಂತೆ ಎಂದ. ಯಾವ ಒಳಗಿನವರು ಎಂದು ಬದರಿನಾಥರು ಬೆನ್ನಟ್ಟಿದರು. ವಿಶ್ವಾಸನಿಗೆ ಹ್ಯಾಮಿಲ್ಟನ್ನಿನ ಗೆಳೆಯ ಕಳಿಸಿದ್ದ. ಗೆಳೆಯನಿಗೆ ಅತ್ತಿಗೆ ಕಳಿಸಿದ್ದಳು. ಅತ್ತಿಗೆಗೆ ಶ್ರೀಲಕ್ಷ್ಮಿ. ಶ್ರೀಲಕ್ಷ್ಮಿಗೆ ಬದರಿನಾಥ್. ಒಂದು ಸಂಜೆಯೆಲ್ಲ ದೇಶ ಸುತ್ತಿ, ಅವರು ತಮ್ಮ ಮನೆ ಬಾಗಿಲಿಗೇ ಬಂದು ನಿಂತರು.

ಅವರ ಬಾಗಿಲಿಗೆ ಬಂದು ನಿಂತವರು ಇನ್ನೊಬ್ಬರೂ ಇದ್ದರು. ಬೀರುವಿನಲ್ಲಿ ಗಿಡವಿಟ್ಟುಕೊಂಡ ಪಾಪಪ್ರಜ್ಞೆ ತಾಳಲಾರದೆ ಶ್ರೀಲಕ್ಷ್ಮಿ ಇಲಾಖೆಗೆ ತಾನಾಗಿಯೇ ಫೋನು ಮಾಡಿ ತಪ್ಪೊಪ್ಪಿಕೊಂಡಿದ್ದಳು. ಅವಳನ್ನು ನೋಡಿ ಇನ್ನೂ ಹಲವರು ಒಪ್ಪಿಕೊಂಡರು. ಕರಿಬೇವಿನ ಗಿಡ ಸಾಕಿದ್ದಕ್ಕೆ ಕ್ಷಮೆ ಕೇಳುವ ಕರೆಗಳು ಯಾಕೆ ಹೀಗೆ ಬರುತ್ತಿವೆಯೆಂದು ಇಲಾಖೆಯವರಿಗೆ ದಿಕ್ಕು ತೋಚಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಹೆಸರು. ಭಯ ಪಡಬೇಡಿ ಎಂದು ಜನರಿಗೆ ಹೇಳಿ ಬರಲು ಹೀದರ್ ಎಂಬ ಅಧಿಕಾರಿಣಿಯನ್ನು ಕಳಿಸಿದರು. ಇಲಾಖೆಯ ಹೊಳೆಯುವ ಹಳದಿ ಜಾಕೆಟ್ಟು ತೊಟ್ಟ ಆ ಹೆಂಗಸು ಮೊದಲು ಬಂದದ್ದು ಸುಳ್ಳಿನ ಮೂಲಕ್ಕೆ, ಅಂದರೆ ಬದರಿನಾಥರ ಮನೆಗೆ.

ಬದರಿನಾಥರಿಗೆ ಜನ್ಮ ಸಾರ್ಥಕವಾಯಿತು. ಹಾಲಿಗೆ ಕರೆದು ಪ್ರಮಾಣಪತ್ರ ತೋರಿಸಿದರು, ಕೋಡುಬಳೆ ಕೊಟ್ಟರು. ಹೀದರ್ ಎರಡನ್ನೂ ಮೆಚ್ಚಿಕೊಂಡು, ಇಂಥ ಸುಳ್ಳು ಸುದ್ದಿ ಹಬ್ಬಿಸುವುದನ್ನು ದಯವಿಟ್ಟು ನಿಲ್ಲಿಸಬೇಕು ಎಂದು ಬಹಳ ಮೃದುವಾಗಿ ಕೇಳಿಕೊಂಡಳು. ಬದರಿನಾಥರು ಕಂಗಾಲಾಗಿ ಚಿತ್ರವನ್ನು ತೆರೆದು, ಬೆರಳಿನಿಂದ ಕೆಳಗೆ ಕೆಳಗೆ ಸರಿಸಿ, ತೀರ್ಪನ್ನು ತೋರಿಸಿ ಅನುವಾದ ಮಾಡಿದರು. ಅವಳು ಒಂದು ಕೋಡುಬಳೆ ಮುರಿಯುತ್ತ, ಇದನ್ನು ಮೇಲೆಯೇ ಹಾಕಬಹುದಿತ್ತಲ್ಲ ಎಂದಳು.

ಈ ಸತ್ಕಾರ ನಡೆಯುತ್ತಿದ್ದಾಗ ಜಯಮ್ಮನವರು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದರು. ಹಳದಿ ಜಾಕೆಟ್ಟು ಪಕ್ಕದ ಮನೆಗೆ ಹೋದದ್ದನ್ನು ಕಂಡರು. ಮಗನ ವೀಸಾ, ಮೊಮ್ಮಕ್ಕಳ ಶಾಲೆ, ಕಟ್ಟಿಕೊಂಡ ಮನೆ ಎಲ್ಲವೂ ಅವರ ಕಣ್ಣೆದುರು ಬಂದು ನಿಂತವು. ಮಹಡಿಯಲ್ಲಿದ್ದ ಮೋಹನನನ್ನು ಕೂಗಿದರು. ಹೀದರ್ ಕೋಡುಬಳೆ ಮುಗಿಸಿ, ಬದರಿನಾಥರೊಂದಿಗೆ ಜಯಮ್ಮನವರಿಗೆ ಧೈರ್ಯ ಹೇಳಲು ಬೇಲಿ ದಾಟಿ ಬರುವಷ್ಟರಲ್ಲಿ ಗರಗಸದ ಕೆಲಸ ಮುಗಿದಿತ್ತು. ಕಾಂಡ ಯೂಟಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿತ್ತು. ಎಲೆಯನ್ನೆಲ್ಲ ದಿಂಬಿನ ಚೀಲಗಳಿಗೆ ತುಂಬಿ ಹಾಸಿಗೆಯ ಮೇಲೆ ಸಾಲಾಗಿ ಇಟ್ಟಿದ್ದರು. ಜಯಮ್ಮನವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಇನ್ನೂ ಎಲೆಯ ವಾಸನೆ ಇತ್ತು.

ಅಧಿಕಾರಿಣಿ ಬಾಯಿ ತೆರೆಯುವ ಮೊದಲೇ ಮೋಹನ "ನೋ ಟ್ರೀ, ನೋ ಟ್ರೀ" ಎಂದು ಬೆವರತೊಡಗಿದ. ಈ ದೇಶದಲ್ಲಿ ಸೇತುವೆ ಕಟ್ಟಿದವನ ಇಂಗ್ಲಿಷು ಅಂದು ಅಷ್ಟಕ್ಕೇ ನಿಂತುಹೋಯಿತು. ಹೀದರ್ ಹಸಿ ಬುಡವನ್ನು ನೋಡಿದಳು. ಎಂಥ ಒಳ್ಳೆಯ ಗಿಡ ಇದ್ದಿರಬೇಕು, ಕಡಿಯುವ ಅಗತ್ಯವೇ ಇರಲಿಲ್ಲ, ನಮ್ಮ ಮನೆಯ ಪಕ್ಕದಲ್ಲೂ ಒಂದಿದೆ, ನಾನೂ ಅಡುಗೆಗೆ ಹಾಕುತ್ತೇನೆ ಎಂದು ಮನಸಾರೆ ನೊಂದುಕೊಂಡು ಹೇಳಿ, ಜಯಮ್ಮನವರ ಕೈ ಹಿಡಿದು ಒತ್ತಿ, ಹೊರಟುಹೋದಳು. ಬದರಿನಾಥರು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದರು. ಜಯಮ್ಮನವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಅವ್ಳು ಬಂದ್ಲೋ ಇಲ್ವೋ?"

ಬಂದಿದ್ದಳು. ಬುಡ ನೋಡಿಯೂ ಇದ್ದಳು. ಗಿಡವಿಲ್ಲದ್ದು ಕಂಡು ವಾಪಸು ಹೋಗಿಯೂ ಇದ್ದಳು. ಇದರಲ್ಲಿ ಯಾವುದು ಸುಳ್ಳು? ಮೊಹರು ನಮ್ಮನ್ನು ಕಾಪಾಡಿತು ಎಂದು ಮೋಹನ ಅದೇ ದಿನ ಗುಂಪಿನಲ್ಲಿ ಬರೆದ.

ಆ ಮೇಲೆ ಜಯಮ್ಮನವರ ಮನೆಗೆ ಯಾರೂ ಎಲೆ ಕೇಳಲು ಬರಲಿಲ್ಲ. ಕೇಳಲು ಎಲೆ ಇರಲಿಲ್ಲ. ಒಂದು ಗಂಟೆ ಕೂತು ಮಾತಾಡುವ ಕಾನೂನೂ ಹೋಯಿತು. ಅವರು ಎಲೆಗಳನ್ನು ಒಣಗಿಸಿ, ಹುರಿದು, ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟರು. ಗಿಡವಿದ್ದ ಜಾಗದಲ್ಲಿ ಬಟ್ಟೆ ಒಣಗಿಸುವ ಕಂಬವನ್ನೇ ಮೋಹನ ನೆಟ್ಟ. ಬದರಿನಾಥರು ಕಿಟಕಿಯಿಂದ ಆ ಕಂಬವನ್ನು ನೋಡಿ ನೋಡಿ ಬಡಕಲಾದರು. ತಪ್ಪು ಯಾವುದೂ ಹೇಳದೆ, ಹೇಳಿದ್ದೆಲ್ಲ ನಿಜವೇ ಆಗಿದ್ದು, ಒಂದು ಮರ ಕಡಿಸಿದ ಕೀರ್ತಿ ಅವರದಾಗಿತ್ತು.

ಒಂದು ದಿನ ಗೀತಾ ಬೇಲಿಯ ಹತ್ತಿರ ಜಯಮ್ಮನವರನ್ನು ಮಾತಾಡಿಸಿ ಬಂದವರು ನೇರ ಗಂಡನ ಮುಂದೆ ನಿಂತರು. ಜಯಮ್ಮನವರು ಇಳಿದುಹೋಗಿದ್ದರು. ಬಾಯಾರಿಕೆ ಎಂದು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು, ಪಾತ್ರೆ ತೊಳೆಯುವಾಗ ಎರಡು ಸಲ ತಲೆ ಸುತ್ತಿ ಕೂತಿದ್ದರು. ಗೀತಾ ಬಲವಂತ ಮಾಡಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಆಕಾಶದಲ್ಲಿತ್ತು. ಮಾತ್ರೆ ಬಿಟ್ಟು ತುಂಬ ದಿನವಾಯಿತಂತೆ. ಮೈಸೂರಿನಲ್ಲಿರುವ ಅವರ ತಂಗಿ ರಮಾ ಒಂದು ಚಿತ್ರ ಕಳಿಸಿದ್ದಳು. ಮೇಲೆ ನೀಲಿ ಮೊಹರು, ಹಳದಿ ನಕ್ಷತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, ಕರಿಬೇವಿನ ಪುಡಿಯಿಂದ ಸಕ್ಕರೆ ಕಾಯಿಲೆ ಗುಣ, ಮಾತ್ರೆ ಬೇಡ. ಬದರಿನಾಥರ ಮೊದಲ ಬೇಟೆ ಹೆಂಡರ್ಸನ್ನಿನಿಂದ ಮೈಸೂರಿಗೆ ಹೋಗಿ, ಅಲ್ಲಿ ಯಾರೋ ಕಾಣುವಷ್ಟನ್ನೇ ಕತ್ತರಿಸಿ ಇಟ್ಟುಕೊಂಡು, ಪಾತಾಳವನ್ನು ಕಳಚಿಕೊಂಡು ಬೇಲಿಯಾಚೆಗೆ ವಾಪಸು ಬಂದಿತ್ತು. ಈಗ ಅದನ್ನು ತೆರೆದು ನೋಡಿದರೂ ಕೆಳಗೆ ಏನೂ ಇರಲಿಲ್ಲ.

ಇವತ್ತೇ ಮಾತ್ರೆ ಶುರು ಮಾಡದಿದ್ದರೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾಗುತ್ತದೆ ಎಂದು ಗೀತಾ ಹೇಳಿದರು. ಮೋಹನ ಹೇಳಿ, ಸೊಸೆ ಹೇಳಿ, ಫೋನಿನಲ್ಲಿ ಡಾಕ್ಟರು ಹೇಳಿ ಆಗಿತ್ತು. ಜಯಮ್ಮನವರು ಜಗ್ಗಿರಲಿಲ್ಲ. ಬದರಿನಾಥರು ಚಪ್ಪಲಿ ಮೆಟ್ಟದೆ ಓಡಿದರು.

ಜಯಮ್ಮನವರು ಸೋಫಾದ ಮೇಲೆ ಒರಗಿದ್ದರು. ಮಡಿಲಲ್ಲಿ ಪುಡಿ ಡಬ್ಬಿ. ಪಕ್ಕದ ಸ್ಟೂಲಿನ ಮೇಲೆ ಮೋಹನ ಇಟ್ಟುಹೋದ ಮಾತ್ರೆ ಹಾಗೇ ಇತ್ತು.

"ಆಂಟಿ, ಅದು ಸುಳ್ಳು. ನಾನೇ ಅದನ್ನ ಸುಳ್ಳು ಅಂತ ಬರೆದಿದ್ದು. ಕೆಳಗಡೆ ಕತ್ತರಿಸಿಬಿಟ್ಟಿದ್ದಾರೆ."

"ನಿನ್ನ ಹೆಸ್ರೇ ಇದ್ಯಲ್ಲಪ್ಪ ಮೇಲೆ."

"ಹೆಸರು ನಂದೇ. ನಾನೇ ಈಗ ಎದುರಿಗೆ ನಿಂತು ಹೇಳ್ತಿದೀನಲ್ಲ."

ಜಯಮ್ಮನವರು ಅವರನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಪ್ರೀತಿಯಿತ್ತು. ತಡೆದುಕೊಳ್ಳಲಾಗದ್ದು ಅದೇ.

"ಬದ್ರಿ, ಅವತ್ತು ಇದೇ ಸೋಫಾ ಮೇಲೆ ಕೂತ್ಕೊಂಡು, ಆಣೆ ಇಟ್ಟು, ಯಾರೂ ಬರಲ್ಲ ಅಂದೆ. ನಿನ್ನ ಮಾತು ನಂಬಿ ಬನಿಯನ್ ತೆಗ್ದೆ. ಫೋನಲ್ಲಿ ಬರ್ತಾರೆ ಅಂದಿದ್ದೆ. ಬಂದ್ರು. ನೀನು ಒಳ್ಳೆಯವ್ನೇ ಕಣಪ್ಪ, ಎದುರಿಗೆ ನೋವಾಗೋ ಹಂಗೆ ಹೇಳಕ್ಕೆ ನಿನ್ ಕೈಲಿ ಆಗಲ್ಲ. ಅದಕ್ಕೇ ನಿನ್ ಬಾಯಿ ನಂಬಲ್ಲ ನಾನು, ಫೋನ್ ನಂಬ್ತೀನಿ."

ಬದರಿನಾಥರು ಟೆಸ್ಟರಾಗಿ ಇಷ್ಟು ವರ್ಷದಲ್ಲಿ ಎಷ್ಟೋ ಜನರ ತರ್ಕದಲ್ಲಿ ಬಿರುಕು ಹುಡುಕಿದ್ದರು. ಇದರಲ್ಲಿ ಹುಡುಕಿ ಹುಡುಕಿ ಸಿಗಲಿಲ್ಲ. ಮನೆಗೆ ವಾಪಸು ಬಂದು ಪ್ರಮಾಣಪತ್ರದ ಕೆಳಗೆ ಕುಳಿತು ಅತ್ತರು.

ಗೀತಾ ಹತ್ತಿರ ಬಂದು ಕುಳಿತರು. ಅವರು ದಿನಾ ರೋಗಿಗಳಿಗೆ ಮಾತ್ರೆ ನುಂಗಿಸುವವರು, ಸತ್ಯದ ಜೊತೆ ಅವರಿಗೆ ಜಗಳವೂ ಇಲ್ಲ, ನೆಂಟಸ್ತಿಕೆಯೂ ಇಲ್ಲ.

"ಅವರು ಪುಡಿ ಬಿಡಲ್ಲ. ಬಿಡೋದು ಬೇಡ, ತಿನ್ಲಿ. ಮಾತ್ರೆ ನುಂಗಿದ ಮೇಲೆ ತಿಂದ್ರೇನೇ ಪುಡಿ ಕೆಲಸ ಮಾಡೋದು ಅಂತ ಹಾಕಿ. ಮೊಹರು ಹಾಕಿ ಕಳಿಸಿ."

ಬದರಿನಾಥರು ದಿಗ್ಗನೆದ್ದರು. ಅದು ಸುಳ್ಳು ಎಂದರು. ಯುರೋಪಿನಲ್ಲಿ ಅಷ್ಟು ಜನ ನಿದ್ದೆಗೆಟ್ಟು ಹೋರಾಡುತ್ತಿರುವುದು ಇಂಥದ್ದರ ವಿರುದ್ಧವೇ ಎಂದರು. ಒಂದು ಸಲ ಸುಳ್ಳಿಗೆ ಮೊಹರು ಹಾಕಿದರೆ ಮೊಹರು ಮೊಹರಾಗಿ ಉಳಿಯುವುದಿಲ್ಲ ಎಂದು ಗೋಡೆಯ ಕಡೆ ಕೈ ತೋರಿಸಿದರು. ಗೀತಾ ಎಲ್ಲವನ್ನೂ ಕೇಳಿ, ಕಿಟಕಿಯ ಪರದೆ ಸರಿಸಿದರು. ಪಕ್ಕದ ಮನೆಯ ಹಿತ್ತಲಲ್ಲಿ ಜಯಮ್ಮನವರು ಬಟ್ಟೆ ತೆಗೆಯಲು ಬಂದು, ಎರಡು ಹೆಜ್ಜೆ ಇಟ್ಟು, ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದರು.

ಬದರಿನಾಥರು ಕಂಪ್ಯೂಟರು ತೆರೆದರು. ನಿದ್ದೆಯಲ್ಲಿ ತಪ್ಪಿಸಿಕೊಂಡಿದ್ದ ತರಬೇತಿಯ ಎರಡನೆಯ ಅರ್ಧದ ರೆಕಾರ್ಡಿಂಗು ಅಲ್ಲೇ ಇತ್ತು. ಅದನ್ನು ಆಗ ಮೊದಲ ಬಾರಿ ನೋಡಿದರು. ಕನ್ನಡಕ ಹಾಕಿದ ಒಬ್ಬ ಹೆಂಗಸು ಬಹಳ ಶ್ರದ್ಧೆಯಿಂದ ಹೇಳುತ್ತಿದ್ದಳು. ಮುಖ್ಯವಾದದ್ದನ್ನು ಮೊದಲು ಹೇಳಿ. ಕೆಲವೇ ಮಾತಿನಲ್ಲಿ ಹೇಳಿ. ಎದುರಾಳಿಯ ಮಾತನ್ನು ಪುನಃ ಹೇಳಬೇಡಿ. ಕೇಳುವವರು ಯಾರನ್ನು ನಂಬುತ್ತಾರೋ ಅವರ ಹೆಸರಿನಲ್ಲಿ ಹೇಳಿ. ಇಷ್ಟು ಮಾಡಿದರೆ ಜನ ನಂಬುತ್ತಾರೆ ಎಂದು ಅವಳು ಭರವಸೆ ಕೊಟ್ಟಳು. ಬದರಿನಾಥರು ಪ್ರತಿಯೊಂದನ್ನೂ ಪಾಲಿಸಿದರು. ಚೌಕಾಕಾರದ ಪುಟ್ಟ ಚಿತ್ರ, ಪೂರ್ತಿ ಕಾಣುವಂಥದ್ದು. ಮೊಹರಿನ ಕೆಳಗೆ ಒಂದೇ ಸಾಲು: ಮೊದಲು ಮಾತ್ರೆ ನುಂಗಿ, ಆಮೇಲೆ ಕರಿಬೇವಿನ ಪುಡಿ ತಿಂದರೆ ಮಾತ್ರ ಗುಣ. ಗುಂಪಿಗೆ ಹಾಕಿ ಬೇಲಿ ದಾಟಿದರು.

ಅವರು ಒಳಗೆ ಕಾಲಿಡುವಾಗಲೇ ಜಯಮ್ಮನವರ ಫೋನು ಸದ್ದು ಮಾಡಿತು. ಸೋಫಾದ ಮೇಲೆ ಕುಳಿತಿದ್ದ ಅವರು ಕನ್ನಡಕ ಏರಿಸಿ ಓದಿದರು. ಸ್ಟೂಲಿನ ಮೇಲಿದ್ದ ಮಾತ್ರೆಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ಆದರೆ ಬಾಯಿಗೆ ಹಾಕಲಿಲ್ಲ. ಎದುರಿಗೆ ಬರಿಗಾಲಿನಲ್ಲಿ ನಿಂತಿದ್ದ ಬದರಿನಾಥರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇದ್ನ ಬಾಯಲ್ಲೂ ಹೇಳ್ಬಿಡು ಬದ್ರಿ. ನಿಜಾನಾ?"

ಬದರಿನಾಥರು ಜನ್ಮದಲ್ಲಿ ಪರೀಕ್ಷಿಸದ ಒಂದು ಮಾತನ್ನೂ ಆಡಿದವರಲ್ಲ.

"ನಿಜ ಆಂಟಿ."

ಮೊದಲ ಬಾರಿಗೆ ಅವರ ಬಾಯಿ ಮತ್ತು ಫೋನು ಒಂದೇ ಮಾತು ಹೇಳಿದವು. ಎರಡೂ ಸುಳ್ಳು ಹೇಳಿದವು. ಜಯಮ್ಮನವರು ತೃಪ್ತಿಯಿಂದ ತಲೆಯಾಡಿಸಿ, ಮಾತ್ರೆ ನುಂಗಿ ನೀರು ಕುಡಿದರು.